ಬೆನ್ನ ಮೇಲಿನ ಹೆಸರು

ಆ ದಿನ ಬೆಳಿಗ್ಗೆ ಕೊಲ್ಲಿಯ ಕಡೆಯಿಂದ ಬಂದ ಗಾಳಿ ಹಸಿ ಕಂಬಳಿಯಂತೆ ಮೈಗೆ ಅಂಟುತ್ತಿತ್ತು. ಎಂಟು ಗಂಟೆಯಾದರೂ ಹಗ್ಗದ ಮೇಲಿನ ಅಂಗಿಗಳು ಒಣಗದೆ ಬೆವರುತ್ತಿದ್ದವು. ಬೇಸ್‌ಬಾಲ್ ಮೈದಾನದ ಹಿಂದೆ, ತಗಡಿನ ಶೆಡ್ಡಿನಲ್ಲಿ ಬಟ್ಟೆ ಹಿಂಡುತ್ತಿದ್ದ ಮುದುಕಿ ಎಲ್ಪಿದಿಯಾಗೆ ದಣಿಯ ಕೂಗು ಕೇಳಿತು.

"ಬಿಚ್ಲಾ ಅಂಗಿಯ! ಮೊಣಕೈ ಮುರ್ಕಂಡ ಎತ್ತಿಗೆ ನನ್ ಬಟ್ಟೆ ಯಾಕ್ಲಾ?"

ಎನ್‌ಕರ್ನಾಸಿಯೋನ್ ಬಿಚ್ಚಿದ. ತಂಡಕ್ಕೆ ಎರಡು ವರ್ಷ ಚೆಂಡೆಸೆದ ಬಲಗೈ ಊದಿ, ಅಂಗಿಯ ತೋಳಿನಿಂದ ಹೊರಬರಲೊಲ್ಲದು. ಜೊತೆಗಾರರಿಬ್ಬರು ಎಳೆದು ಬಿಡಿಸಿದರು.

"ದಣೀ, ಒಂದೇ ಒಂದ್ ಪಟ ತೆಗುಸ್ಕತೀನಿ, ಹೆಸ್ರು ಕಾಣಂಗೆ. ನಮ್ಮವ್ವ ಸಮುದ್ರದಾಚೆ ಕುಂತವ್ಳೆ. ನಾನು ಆಡ್ತೀನಿ ಅಂದ್ರೆ ನಂಬಕಿಲ್ಲ."

"ಪಟ ಬೇಕಂತೆ ಬೋಳಿಮಗಂಗೆ! ನಡಿಯಲೇ."

ದಣಿ ಪ್ರೂಯಿಟ್ ಟ್ರ್ಯಾಕ್ಟರ್ ಮಾರುವವನು. ದೊಡ್ಡ ಲೀಗುಗಳ ಹಂಗಿಲ್ಲದೆ ತಾನೇ ಕಟ್ಟಿದ ತಂಡವೆಂದು ಮೆರೆದಿದ್ದ. ಎರಡು ವರ್ಷದ ಹಿಂದೆ ಆಟ ಶುರುವಾದಾಗ ಸಾನ್ ಎಲಾದಿಯೋ ಊರಿಗೆ ಊರೇ ವಾದ್ಯ ಬಾರಿಸಿತ್ತು. ಪಾದ್ರಿ ಮೈದಾನಕ್ಕೆ ಪವಿತ್ರ ಜಲ ಚಿಮುಕಿಸಿದ್ದ. ಆಟಗಾರರು ಮಲಗಿದ್ದು ಮಾತ್ರ ಕಿತ್ತಳೆ ಕೀಳುವ ಕೂಲಿಯವರ ನೆಲದ ಮೇಲೆ, ಉಂಡದ್ದು ಅವರದೇ ಬೀನ್ಸ್ ಕಾಳು, ಜೋಳದ ರೊಟ್ಟಿ. ಯಾರನ್ನು ಓಡಿಸಿದರೂ ಆವತ್ತೇ ಅಂಗಿಯ ಬೆನ್ನಿನಿಂದ ಅವನ ಹೆಸರು ಕಿತ್ತು, ಹೊಸಬನದು ಹೊಲಿಯಬೇಕು. "ಆಳ್ ಹೋದ್ರೆ ಹೆಸ್ರು ಕಿತ್ತಾಕು, ಬಟ್ಟೆ ಮಡಿಕ," ಎಂದು ದಣಿಯೇ ಹೇಳಿದ್ದ. ಎಲ್ಪಿದಿಯಾ ಮೂವತ್ತೊಂದು ಸಲ ಕಿತ್ತಿದ್ದಳು. ಅಪ್ಪ, ಅಜ್ಜ ಹೊತ್ತು ತಂದ ಹೆಸರನ್ನು ಕಸಕ್ಕೆ ಹಾಕುವುದುಂಟೆ? ಅವನ್ನೆಲ್ಲ ಗ್ವಾದಲೂಪೆಯ ಮೇರಿಮಾತೆಯ ಪಟದ ಕೆಳಗೆ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದಳು.

ಎನ್‌ಕರ್ನಾಸಿಯೋನನ ಅಂಗಿಯ ಮೇಲೆ ಮೊದಮೊದಲು ಹೆಸರೇ ಇರಲಿಲ್ಲ. "ಇಷ್ಟುದ್ದದ ಹೆಸ್ರಿಗೆ ಬಟ್ಟೆ ದಂಡ. ನಂಬರು ಸಾಕು," ಎಂದಿದ್ದ ದಣಿ. ಎಲ್ಪಿದಿಯಾ ತನ್ನ ಅಡಿಗೆಮನೆಯ ಕೆಂಪು ಪರದೆ ಕತ್ತರಿಸಿ ಅಕ್ಷರ ಮಾಡಿ, ಪಟ್ಟಿಗೆ ಹೊಲಿದು ಅವನ ಬೆನ್ನಿಗೆ ಹಚ್ಚಿದ್ದಳು.

ಮಧ್ಯಾಹ್ನ ದಣಿ ಎಲ್ಲರನ್ನೂ ಬಿಸಿಲಲ್ಲಿ ನಿಲ್ಲಿಸಿದ.

"ತಂಡ ಮುಚ್ದೆ. ಬಸ್ಸೂ ಮಾರ್ದೆ. ಅಂಗಿ ಬಿಚ್ಚಿಟ್ಟು ನಿಮ್ನಿಮ್ ದಾರಿ ನೋಡ್ಕಳಿ."

"ಊರ್ಗೆ ಹೆಂಗ್ ಹೋಗದು ದಣಿ?" ಯಾರೋ ಕೇಳಿದ.

"ಬಂದಂಗೆ. ಏಯ್ ಮುದುಕಿ, ಇಪ್ಪತ್ನಾಕೂ ಒಗ್ದು ಇಸ್ತ್ರಿ ಮಾಡು. ನಾಕ್ ಗಂಟೆಗೆ ಹರಾಜು. ಜನ ಕೊಳ್ಳದು ಹೆಸ್ರು ನೋಡಿ."

ಅವಳು ತಲೆಯಾಡಿಸಿದಳು. ಶೆಡ್ಡಿಗೆ ಹೋಗಿ, ಮಾತೆಯ ಪಾದ ಮುಟ್ಟಿ ಶಿಲುಬೆಯ ಗುರುತು ಹಾಕಿಕೊಂಡು, ಬ್ಲೇಡು ತೆಗೆದಳು.

ನಾಲ್ಕು ಗಂಟೆಗೆ ಮೇಜಿನ ಮೇಲೆ ಇಪ್ಪತ್ತನಾಲ್ಕು ಅಂಗಿ, ಗರಿಗರಿ. ದಣಿ ಒಂದನ್ನು ಬಿಡಿಸಿದ. ಇನ್ನೊಂದನ್ನು. ಬೆನ್ನೆಲ್ಲ ಬೋಳು, ಸೂಜಿಯ ತೂತಿನ ಸಾಲು ಮಾತ್ರ.

"ಹೆಸ್ರೆಲ್ಲೇ, ಮುಂಡೆ?"

"ಆಳ್ ಹೋದ್ರೆ ಕಿತ್ತಾಕು ಅಂದಿದ್ದು ನೀವೇ ಅಲ್ವಾ ದಣಿ? ಇವತ್ತು ಎಲ್ರನ್ನೂ ಓಡ್ಸುದ್ರಿ. ಎಲ್ಲಾನೂ ಕಿತ್ತಿವ್ನಿ. ಬಟ್ಟೆ ನಿಮ್ದು, ತಕ್ಕಳಿ."

ದಣಿ ಕೈ ಎತ್ತಿದ. ಬೇಲಿಯಾಚೆ ಕಿತ್ತಳೆ ಕೀಳುವವರು ಚೀಲಗಳನ್ನು ನೆಲಕ್ಕಿಟ್ಟು ನಿಂತಿದ್ದರು. ಎತ್ತಿದ ಕೈಯಿಂದ ಅವನು ಟೋಪಿ ಸರಿಮಾಡಿಕೊಂಡ.

"ಪೊಲೀಸ್ನೋರ್ನ ಕರೀತೀನಿ."

"ಕರೀರಿ."

ಹೆದ್ದಾರಿಯ ಬದಿಯಲ್ಲಿ ಆಟಗಾರರು ಬಂದ ಲಾರಿಗೆಲ್ಲ ಕೈ ತೋರುತ್ತ ಕೂತಿದ್ದರು. ಎಲ್ಪಿದಿಯಾ ಡಬ್ಬಿ ಹಿಡಿದು ಸಾಲಿನುದ್ದಕ್ಕೂ ನಡೆದಳು. ಒಬ್ಬೊಬ್ಬನಿಗೂ ಅವನವನ ಹೆಸರಿನ ಪಟ್ಟಿ. ಕೊನೆಯಲ್ಲಿ, ಯಾರದೋ ಬನಿಯನ್ನು ತೊಟ್ಟು, ಊದಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಎನ್‌ಕರ್ನಾಸಿಯೋನ್ ಕೂತಿದ್ದ. ಕೆಂಪು ಅಕ್ಷರದ ಪಟ್ಟಿಯನ್ನು ಅವನ ಒಳ್ಳೆಯ ಕೈಗಿಟ್ಟಳು.

"ಪಟ ಯಾಕ್ಲಾ ಮಗ? ಇದ್ನೇ ನಿಮ್ಮವ್ವನ ಕೈಗೆ ಕೊಡು. ಕೊನೇ ಅಕ್ಷರದ ಅಂಚು ಬಿಟ್ಟಿತ್ತು. ಹೊಲ್ದಿವ್ನಿ."