ಗೆರೆಯಿಲ್ಲದ ಹೆಬ್ಬೆಟ್ಟು

ಜಗಳೂರಿನ ಬಿತ್ತನೆ ಶೇಂಗಾ ಕಂಪನಿಯಲ್ಲಿ ಕೊಟ್ರಬಸಪ್ಪ ಹದಿನೆಂಟು ವರ್ಷದಿಂದ ಗುಮಾಸ್ತ. ಎಂಬತ್ತೈದನೇ ಇಸವಿಯ ಲೆಕ್ಕಪತ್ರವನ್ನು ಆಡಿಟರಿಗೆ ಒಪ್ಪಿಸಲು ಹದಿನೈದು ದಿನ ಒದ್ದಾಡಿದ್ದ. ತಂತಿಗೆ ಚುಚ್ಚಿಟ್ಟಿದ್ದ ವೋಚರುಗಳನ್ನು ಬಿಡಿಸಿ, ತಾರೀಕಿನ ಪ್ರಕಾರ ಜೋಡಿಸಿ, ಕಣ್ಣು ಉರಿಯುವವರೆಗೆ ಕೂಡಿ ಕಳೆದಿದ್ದ. ಒಂದು ಪೈಸೆ ಆಚೀಚೆ ಇರಲಿಲ್ಲ.

ದಾವಣಗೆರೆಯಿಂದ ಬಂದ ಆಡಿಟರು ಆ ಕೂಡಿದ ಲೆಕ್ಕವನ್ನು ನೋಡಲೇ ಇಲ್ಲ. ಶೇಂಗಾ ಬಿಡಿಸುವ ಹೆಂಗಸರ ಕೂಲಿ ವೋಚರುಗಳ ಕಟ್ಟು ಬಿಚ್ಚಿ, ಒಂದೊಂದೇ ಹೆಬ್ಬೆಟ್ಟಿನ ಗುರುತನ್ನು ಬೆಳಕಿಗೆ ಹಿಡಿದರು. ಮುನ್ನೂರ ಹದಿನೆಂಟು ಚೀಟಿಯಲ್ಲೂ ಬರೀ ನೇರಳೆ ಕಲೆ. ಗೆರೆ ಅನ್ನುವುದು ಒಂದರಲ್ಲೂ ಇಲ್ಲ. ಹೆಂಗಸರ ಹೆಸರಿನಲ್ಲಿ ಒಬ್ಬರೇ ಯಾರೋ ಒತ್ತಿ ದುಡ್ಡು ಎತ್ತಿದ ಹಾಗಿದೆ ಎಂದರು.

ಕಂಪನಿಯ ಸಾಹುಕಾರ ಮಹೇಶ್ವರಪ್ಪನವರು ಗುಮಾಸ್ತನ ಮುಖ ನೋಡದೆ ಮೆಲ್ಲಗೆ ಕೇಳಿದರು: “ಹೌದೇನಪ್ಪ?”

ಆ ಒಂದು ಮಾತಿಗೆ ಕೊಟ್ರಬಸಪ್ಪನಿಗೆ ಸಿಟ್ಟು ಬಂತು. ಶನಿವಾರ ಶನಿವಾರ ಕೂಲಿ ಎಣಿಸಿ ಕೈಯಲ್ಲಿಟ್ಟು, ಒಬ್ಬೊಬ್ಬರ ಬೆರಳನ್ನೂ ಇಂಕಿನ ಪ್ಯಾಡಿಗೆ ತಾಗಿಸಿದವನು ಅವನೇ. ಸೀದಾ ಹಿತ್ತಲಿಗೆ ಹೋಗಿ, ಕಾಯಿ ಬಿಡಿಸುತ್ತಿದ್ದ ಹೆಂಗಸರನ್ನೆಲ್ಲ ಎಬ್ಬಿಸಿ ಕರೆತಂದ.

ಮುಂದಿದ್ದವಳು ಓಬವ್ವ. ಸೆರಗಿಗೆ ಕೈ ಒರೆಸಿ ಹೆಬ್ಬೆಟ್ಟು ಒತ್ತಿದಳು. ಅದೇ ಕಲೆ. ಆಡಿಟರು ಅವಳ ಬೆರಳನ್ನೇ ತಿರುಗಿಸಿ ನೋಡಿದರು. ಒರಳುಗುಂಡಿನ ಹಾಗೆ ನುಣ್ಣಗಿತ್ತು.

“ಇಪ್ಪತ್ತು ವರ್ಸ ಶೇಂಗಾ ಒತ್ತಿ ಒತ್ತಿ ಬಿಡಿಸೀನ್ರಿ ಸಾಹೇಬ್ರೆ, ಗೆರೆ ಎಲ್ಲಿಂದ ತರಾಕೆ ಆಗ್ತೈತೆ?” ಎಂದಳು. “ಬೇಕಂದ್ರೆ ಸಿಪ್ಪೆ ಗುಡ್ಡೆಯಾಗೆ ಹುಡುಕ್ರಿ, ಅಲ್ಲೇ ಉದುರಿರ್ತಾವೆ.”

ಹಿಂದಿದ್ದವರು ಬಾಯಿಗೆ ಸೆರಗಿಟ್ಟುಕೊಂಡು ನಕ್ಕರು. ಹನ್ನೊಂದು ಜನ ಒತ್ತಿದರು, ಹನ್ನೊಂದೂ ಕಲೆಯೇ. ಆಡಿಟರಿಗೆ ನಂಬಿಕೆ ಬಂತು, ಆದರೆ ಸಮಾಧಾನವಾಗಲಿಲ್ಲ. ತಾವು ಕಣ್ಣಾರೆ ಕಂಡದ್ದು ಕಾಗದದ ಮೇಲಿಲ್ಲವಲ್ಲ. ಕೂಲಿ ಕೊಟ್ಟವರಾಗಲಿ, ಕೊಟ್ಟದ್ದನ್ನು ನೋಡಿದವರಾಗಲಿ ಪ್ರತಿ ವೋಚರಿಗೂ ಇವತ್ತಿನ ತಾರೀಕು ಹಾಕಿ ಸಾಕ್ಷಿ ಸಹಿ ಮಾಡಬೇಕು, ಅದೂ ಸಂಜೆಯೊಳಗೆ ಎಂದರು.

ಮಹೇಶ್ವರಪ್ಪನವರು ಜೇಬಿನಿಂದ ಪೆನ್ನು ತೆಗೆದರು. ಶನಿವಾರ ನೀವು ಇಲ್ಲಿರುತ್ತಿದ್ದಿರಾ ಎಂದು ಆಡಿಟರು ಕೇಳಿದರು. ಆ ದಿನ ಅವರು ಖರೀದಿಗೆಂದು ಹಳ್ಳಿ ತಿರುಗುತ್ತಿದ್ದರು. ಪೆನ್ನನ್ನು ಗುಮಾಸ್ತನ ಕಡೆ ಚಾಚಿ, ನಮ್ಮ ಕೊಟ್ರಬಸಪ್ಪ ಇದ್ದಾನಲ್ಲ, ಅವನ ಮೇಲೆ ನನಗೆ ಪೂರ್ತಿ ನಂಬಿಕೆ ಎಂದರು.

ಕೊಟ್ರಬಸಪ್ಪ ಕೈ ಮುಂದೆ ಮಾಡಲಿಲ್ಲ.

“ಆವಾಗ ಹೌದೇನಪ್ಪ ಅಂತ ಕೇಳಿದ್ರಲ್ಲ ಸಾವ್ಕಾರ್ರೆ, ಅದಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ.”

“ಬಿಡೋ ಮಾರಾಯ, ಏನೋ ಬಾಯಿಗೆ ಬಂತು.”

“ಅಲ್ಲ ಅಂತ ಹೇಳ್ತೀನಿ. ಇವರೆಲ್ಲರ ಮುಂದೇನೇ ಕೇಳಿಸ್ಕೊಳ್ರಿ.”

ಮಹೇಶ್ವರಪ್ಪನವರು ಪೆನ್ನು ಹಿಡಿದ ಕೈಯನ್ನು ಇಳಿಸಲೂ ಆಗದೆ ನಿಂತರು. ಕೊನೆಗೆ, ತಪ್ಪಾಯ್ತು, ಕೇಳಬಾರದಿತ್ತು ಎಂದರು. ಅದನ್ನೂ ಗೋಡೆಗೆ ಹೇಳಿದ ಹಾಗೆ ಹೇಳಿದರು. ಕೊಟ್ರಬಸಪ್ಪನ ಸಿಟ್ಟು ಇಳಿಯಲಿಲ್ಲ. ಆದರೂ ಪೆನ್ನು ತೆಗೆದುಕೊಂಡು ಕೂತ. ಮೊದಲ ಸಹಿಗೇ ನಿಬ್ಬಿಗೆ ಸಿಕ್ಕಿ ಕಾಗದ ಹರಿಯಿತು. ಆ ವೋಚರನ್ನು ಪಕ್ಕಕ್ಕಿಟ್ಟು, ಅಂಟು ಹುಡುಕಲು ಎದ್ದ.