ಪಟ್ಟಿಯಲ್ಲಿಲ್ಲದವನು

“ಏ ಮುಂಡೆ, ಉಳಿ ಕೆಳಗಿಟ್ಟು ಏನ್ ನೋಡ್ತಾ ಕೂತಿದೀಯ? ಮಹಾ ಓದು ಬರೋಳ ಥರ.”

ಸ್ಮಾರಕದ ಅಧಿಕಾರಿ ಅವಳ ನೀರಿನ ಡಬ್ಬಿಯನ್ನು ಬೂಟುಗಾಲಲ್ಲಿ ಒದ್ದ. ನೀರು ಕಲ್ಲುಪುಡಿಯಲ್ಲಿ ಇಂಗಿಹೋಯಿತು.

ಅವಳಿಗೆ ಓದು ಬರುತ್ತಿರಲಿಲ್ಲ, ನಿಜ. ಯುದ್ಧದಲ್ಲಿ ಸತ್ತವರದೆಂದು ಹಾಳೆಯಲ್ಲಿ ಬರೆದುಕೊಟ್ಟ ಹೆಸರನ್ನು ಕರಿಕಲ್ಲಿಗೆ ಒತ್ತಿ, ಗೆರೆ ಹಿಡಿದು ಕೆತ್ತುವುದಷ್ಟೇ ಅವಳ ಕೆಲಸ. ಆದರೂ ಗಂಡನ ಹೆಸರಿನ ನಾಲ್ಕು ಅಕ್ಷರ ಗುರುತಿತ್ತು. ಅವನು ಸತ್ತನೆಂದು ಸೇನೆಯಿಂದ ಬಂದ ಕಾಗದದಲ್ಲಿ ಅವನ ಹೆಸರಿನ ಮೇಲೆ ಬೆರಳಾಡಿಸಿ ಆಡಿಸಿ ಕಾಗದವೇ ಸವೆದಿತ್ತು. ಎರಡು ತಿಂಗಳಿಂದ ಪ್ರತಿ ಹಾಳೆಯಲ್ಲೂ ಅದನ್ನೇ ಹುಡುಕಿದ್ದಳು. ಇವತ್ತಿನದು ಪಟ್ಟಿಯ ಕೊನೆಯ ಹಾಳೆ. ಇದರಲ್ಲೂ ಇರಲಿಲ್ಲ.

“ಸಾಹೇಬ್ರೆ, ನನ್ ಗಂಡನ ಹೆಸ್ರು ಬಿಟ್ಟೋಗಿದೆ.”

“ಯಾವ ಪಡೆ?”

“ಗುಡ್ಡದ ಮೇಲಕ್ಕೆ ಗುಂಡಿನ ಪೆಟ್ಟಿಗೆ ಹೊರ್ತಿದ್ದ. ಹೊತ್ಕೊಂಡೇ ಸತ್ತ.”

“ಕೂಲಿಯೋನಾ?” ಅಧಿಕಾರಿ ಪಕ್ಕದಲ್ಲಿದ್ದ ತನ್ನ ಗುಮಾಸ್ತನ ಕಡೆ ನೋಡಿ ನಕ್ಕ. “ಇದು ಯೋಧರ ಕಲ್ಲು ಕಣೇ. ಕತ್ತೆ ಚಾಕರಿ ಮಾಡಿದೋರದ್ದಲ್ಲ.”

ಈ ಮಹಾಶಯ ಸರ್ಕಾರದ ಖರ್ಚಿನಲ್ಲಿ ನಾಲ್ಕು ದೇಶ ಸುತ್ತಿ, ಸತ್ತ ಸೈನಿಕರಿಗೆ ಎಲ್ಲೆಲ್ಲಿ ಹೇಗೆ ಮರ್ಯಾದೆ ಮಾಡುತ್ತಾರೆಂದು ನೋಡಿ ಬಂದಿದ್ದ. ಒಂದು ಕಡೆ ಆರದ ದೀಪವಂತೆ. ಇನ್ನೊಂದು ಕಡೆ ಯಾರೆಂದೇ ತಿಳಿಯದ ಸೈನಿಕನ ಗೋರಿಗೆ ದೊರೆಗಳೂ ತಲೆಬಾಗುತ್ತಾರಂತೆ. ಮತ್ತೊಂದು ಕಡೆ ಊರಿಗೆ ಊರೇ ಎರಡು ನಿಮಿಷ ಉಸಿರೆತ್ತದೆ ನಿಲ್ಲುತ್ತದಂತೆ. ಹೊರೆ ಹೊತ್ತು ಸತ್ತ ಕುದುರೆಗಳಿಗೂ ವಿಗ್ರಹವಂತೆ. ದಿನಾ ಗುಮಾಸ್ತನೆದುರು ಕೊಚ್ಚಿಕೊಳ್ಳುವುದು ಅವಳ ಕಿವಿಗೂ ಬಿದ್ದಿತ್ತು.

“ಅಲ್ಲಿ ಕುದುರೆಗೂ ಮರ್ಯಾದೆ ಇದೆಯಂತಲ್ಲ ಸಾಹೇಬ್ರೆ. ನನ್ ಗಂಡ ಕುದುರೆಗಿಂತ ಕಡೆನಾ?”

“ಬಾಯ್ ಮುಚ್ಚೆ, ರಂಡೆ. ನಾಳೆ ಕಲ್ಲು ಉದ್ಘಾಟಿಸೋ ಮಂತ್ರಿಗಳ ಹೆಸರು ಬಾಕಿ ಇದೆ. ಎಲ್ಲಕ್ಕಿಂತ ಮೇಲೆ, ಗೇಣುದ್ದ. ಸಂಜೆಯೊಳಗೆ ಆಗ್ಬೇಕು. ಒಂದ್ ಗೆರೆ ತಪ್ಪಿದ್ರೂ ಪೂರ್ತಿ ಕಲ್ಲು ತೇಯಿಸ್ಬೇಕಾಗುತ್ತೆ, ನೆನಪಿರ್ಲಿ.”

ಮೀನಿಗೆ ಈಜು ಕಲಿಸಲು ಬಂದಿದ್ದ. ಕಲ್ಲಿನಲ್ಲಿ ಒಂದಕ್ಷರ ತೆಗೆಯಬೇಕೆಂದರೆ ಅದರ ಆಳಕ್ಕೆ ಕಲ್ಲಿನ ಮುಖವನ್ನೆಲ್ಲ ತೇಯಬೇಕೆಂದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು.

ಅಧಿಕಾರಿ ಮಂತ್ರಿಯ ಊಟ ವಸತಿ ನೋಡಲು ಹೊರಟುಹೋದ. ಅವಳು ಮಂತ್ರಿಯ ಹಾಳೆಯನ್ನು ಮಡಚಿ ಗೋಣಿಚೀಲದಡಿ ತಳ್ಳಿ, ಅಟ್ಟಣೆಯ ಹಲಗೆ ಹತ್ತಿದಳು.

“ಗೆರೆ ಎಲ್ಲವ್ವ?” ಕೆಳಗಿಂದ ಮುದುಕ ಮೇಸ್ತ್ರಿ ಕೇಳಿದ.

“ಕಣ್ಣಲ್ಲಿದೆ ಮಾವ.”

ಮೇಸ್ತ್ರಿ ನಾಲ್ಕನೆಯ ಅಕ್ಷರ ಮುಗಿಯುವವರೆಗೂ ಅಲ್ಲೇ ನಿಂತಿದ್ದ. ಆಮೇಲೆ ತಾನೇ ಹೋಗಿ ಬಿಳಿ ಬಟ್ಟೆ ತಂದು ಕಲ್ಲಿಗೆ ಇಳಿಬಿಟ್ಟ. ಸಂಜೆ ಬಂದ ಅಧಿಕಾರಿಗೆ, “ಅಕ್ಷರಕ್ಕೆ ತುಂಬಿದ ಬಣ್ಣ ಹಸಿ ಇದೆ, ಬೆಳಗಿನವರೆಗೆ ಮುಟ್ಬೇಡಿ” ಅಂದ.

ಬೆಳಿಗ್ಗೆ ಮಂತ್ರಿ ದಾರ ಎಳೆದ. ಬಟ್ಟೆ ಜಾರಿತು. ಕಹಳೆ ಊದಿದ ಕೂಡಲೇ, ಅಧಿಕಾರಿ ವಿದೇಶದಿಂದ ಹೊತ್ತುತಂದ ಎರಡು ನಿಮಿಷದ ಮೌನ ಶುರುವಾಯಿತು. ಸಾವಿರ ಜನ ಕೂಲಿಯವನ ಹೆಸರಿನೆದುರು ತಲೆಬಾಗಿದರು. ಮಂತ್ರಿ ಮಾತ್ರ ಕತ್ತೆತ್ತಿ ತನ್ನ ಹೆಸರು ಹುಡುಕುತ್ತಿದ್ದ.

ಅಧಿಕಾರಿ ಅವಳ ಪಕ್ಕಕ್ಕೆ ಸರಿದು ಹಲ್ಲು ಕಡಿದ. “ನಾಳೇನೇ ತೇಯಿಸ್ತೀನಿ, ಹಡಬೆ.”

ಅವಳು ದನಿ ತಗ್ಗಿಸಲಿಲ್ಲ.

“ತೇಯಿಸಿ ಸಾಹೇಬ್ರೆ. ಮಿಕ್ಕೋರಿಗಿಂತ ಎರಡರಷ್ಟು ಆಳ ಹೊಡೆದಿದೀನಿ. ಅವನನ್ನ ಅಳಿಸೋಷ್ಟರಲ್ಲಿ ನಿಮ್ಮ ಯೋಧರು ಒಬ್ಬರೂ ಉಳಿಯಲ್ಲ.”

ಮುಂದಿನ ಸಾಲಿನಲ್ಲಿದ್ದ ಸೈನಿಕರ ತಾಯಂದಿರು ಒಬ್ಬೊಬ್ಬರಾಗಿ ತಿರುಗಿ ಅಧಿಕಾರಿಯನ್ನು ನೋಡಿದರು. ಎರಡು ನಿಮಿಷ ಇನ್ನೂ ಮುಗಿದಿರಲಿಲ್ಲ.