ತೂಗುದೀಪಕ್ಕೆ ಸೀಟು

ಪುರಸೈವಾಕ್ಕಂನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಗುರುಬಸಪ್ಪನವರು ಕ್ರೋಂಪೇಟೆಯಲ್ಲಿ ಹೊಸ ಫ್ಲ್ಯಾಟ್ ಕೊಂಡಿದ್ದರು. ಗೃಹಪ್ರವೇಶದ ಹಿಂದಿನ ದಿನ ಸಾಮಾನು ಸಾಗಿಸಲು ಹೊರಟಾಗ ಕಾರಿನಲ್ಲಿ ಎಲ್ಲರಿಗಿಂತ ಮೊದಲು ಕೂತದ್ದು ಒಂದು ತೂಗುದೀಪ. ಗಾಜಿನ ಹರಳುಗಳನ್ನು ಇಳಿಬಿಟ್ಟ ದೊಡ್ಡ ದೀಪ. ಅದರ ಪೆಟ್ಟಿಗೆ ಹಿಂದಿನ ಸೀಟಿನಲ್ಲಿ ಇಬ್ಬರ ಜಾಗ ತಿಂದಿತ್ತು. ಗುರುಬಸಪ್ಪನವರು ಅದರ ಸುತ್ತ ದಿಂಬು ತುರುಕಿ, ಸೀಟ್ ಬೆಲ್ಟ್ ಬಿಗಿದು, ಅಲುಗಾಡಿಸಿ ನೋಡಿ ಸಮಾಧಾನಪಟ್ಟರು.

ಸ್ಟಿಯರಿಂಗ್ ಹಿಡಿದವನು ಮಗ ಶಿವರಂಜನ್. ಪಕ್ಕದಲ್ಲಿ ಅಪ್ಪ. ಹಿಂದೆ ದೀಪದ ಪಕ್ಕ ಉಳಿದ ಇಕ್ಕಟ್ಟು ಜಾಗದಲ್ಲಿ ಸೊಸೆ ಬಿಂದು. ಇನ್ನು ಹೊರಗೆ ನಿಂತಿದ್ದವರು ನೀಲಗಂಗಮ್ಮ, ಗುರುಬಸಪ್ಪನವರ ಒಡಹುಟ್ಟಿದ ಅಕ್ಕ. ಗಂಡ ಸತ್ತ ಮೇಲೆ ತಮ್ಮನ ಮನೆ ಸೇರಿ ಅಡುಗೆಮನೆಯಲ್ಲೇ ಮುದುಕಿಯಾದವರು. ಮಧ್ಯಾಹ್ನ ಬರಲಿದ್ದ ನೆಂಟರಿಗೆಂದು ಬೆಳಿಗ್ಗೆಯೇ ಎದ್ದು ಗೋದಿ ಹುಗ್ಗಿ ಮಾಡಿ, ಬಿಸಿ ಪಾತ್ರೆಗೆ ಟವೆಲ್ ಸುತ್ತಿ ತಂದಿದ್ದರು.

“ಅಕ್ಕಾ, ನೀ ಹಿಂದ ಡಿಕ್ಕ್ಯಾಗ ಕುಂದ್ರು,” ಎಂದರು ಗುರುಬಸಪ್ಪ. “ಹುಗ್ಗಿನೂ ಹಿಡ್ಕೊಂಡಂಗ ಆಗ್ತದ.”

ಬಿಂದುವಿಗೆ ಮೊದಲು ತಮಾಷೆ ಅನ್ನಿಸಿತು. ಆದರೆ ಮಾವ ಕೆಳಗಿಳಿದು ಡಿಕ್ಕಿಯ ಬಾಗಿಲು ಎತ್ತಿಯೇಬಿಟ್ಟಿದ್ದರು.

“ಮಾವಾರ, ದೀಪಾನ ಡಿಕ್ಕ್ಯಾಗ ಇಡೋಣ್ರಿ. ದೊಡ್ಡತ್ತಿ ನನ್ನ ಬಾಜೂಕ ಕುಂದ್ರಲಿ.”

“ಹುಚ್ಚಿ ಏನ್ ನೀ? ಹಿಂದ ಇಟ್ರ ಗಾಜು ಉಳೀತದೇನು? ಒಂದ್ ಬ್ರೇಕ್ ಹಾಕಿದ್ರ ಪುಡಿಪುಡಿ!”

“ಗಾಜು ಉಳಿಯಲಾರದ ಜಾಗಾದಾಗ ಮನಶ್ಯಾರ್ನ ಕುಂದ್ರಸ್ತೀರೇನ್ರಿ? ಹಂಗಾರ ನಾವಿಬ್ರೂ ಆಟೋದಾಗ ಬರ್ತೀವಿ.”

“ಮನ್ಯಾಗ ಕಾರ್ ಇಟ್ಕೊಂಡು ಆಟೋ ಯಾಕ?” ಗುರುಬಸಪ್ಪನವರ ಮುಖ ಗಂಟಾಯಿತು. ಶಿವರಂಜನ್ ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿ, “ವಿಡು ಬಿಂದು,” ಎಂದು ತಮಿಳಿನಲ್ಲೇ ಬಿಟ್ಟುಬಿಡು ಅಂದ, “ಅರ್ಧ ತಾಸಿನ ದಾರಿ.” ಅಷ್ಟರಲ್ಲಿ ನೀಲಗಂಗಮ್ಮ ಸೀರೆ ಎತ್ತಿಕಟ್ಟಿ, ಮಿಕ್ಸಿ ಡಬ್ಬಿ, ಸ್ಟವ್, ಚೀಲಗಳ ನಡುವೆ ಹತ್ತಿ ಮೊಣಕಾಲು ಮಡಚಿ ಕೂತಿದ್ದರು. “ನನಗೇನಾಗ್ತದವ್ವಾ, ಆರಾಮ ಅದ,” ಎಂದು ನಕ್ಕರು. ಆ ನಗು ಬಿಂದುವಿಗೆ ಹೇಸಿಗೆ ಹುಟ್ಟಿಸಿತು. ತಮ್ಮನ ಮೇಲೆ ಬಂದಷ್ಟೇ ಸಿಟ್ಟು ಅಕ್ಕನ ಮೇಲೂ ಬಂತು.

ದಾರಿಯುದ್ದಕ್ಕೂ ಗುರುಬಸಪ್ಪನವರು ಹಿಂದೆ ತಿರುಗಿ ತಿರುಗಿ ಪೆಟ್ಟಿಗೆ ನೋಡಿಕೊಂಡರು. ಹಳ್ಳ ಬಂದರೆ “ಮೆಲ್ಲಕ, ಮೆಲ್ಲಕ” ಅನ್ನುತ್ತಿದ್ದರು. ಅವರ ಕಣ್ಣು ಪೆಟ್ಟಿಗೆ ದಾಟಿ ಒಮ್ಮೆಯೂ ಹಿಂದಕ್ಕೆ ಹೋಗಲಿಲ್ಲ.

ಪಲ್ಲಾವರಂ ದಾಟುವಾಗ ಮುಂದಿದ್ದ ಶೇರ್ ಆಟೋ ಯಾರೋ ಕೈ ಮಾಡಿದರೆಂದು ನಡುರಸ್ತೆಯಲ್ಲೇ ನಿಂತಿತು. ಶಿವರಂಜನ್ ಬ್ರೇಕ್ ತುಳಿದ. ಬೆಲ್ಟು ಬಿಂದುವಿನ ಎದೆಯನ್ನು ಹಿಡಿದು ನಿಲ್ಲಿಸಿತು. ಹಿಂದೆ ಸಾಮಾನೆಲ್ಲ ಧಡಾರನೆ ಮುಂದಕ್ಕೆ ಬಿತ್ತು. ಅದರ ಹಿಂದೆಯೇ ನೀಲಗಂಗಮ್ಮನವರ ಚೀರಾಟ.

ಬಿಂದು ಇಳಿದು ಓಡಿ ಡಿಕ್ಕಿ ತೆಗೆದಳು. ಮುದುಕಿಯ ಹಣೆ ಒಡೆದಿತ್ತು. ಹುಗ್ಗಿಯ ಪಾತ್ರೆ ಬಲಗೈ ಮೇಲೆ ಮಗುಚಿ, ಬೆಲ್ಲದ ಬಿಸಿ ಅಂಟು ಮೊಣಕೈವರೆಗೂ ಮೆತ್ತಿಕೊಂಡಿತ್ತು. ಬಾಟಲಿಯ ನೀರು ಸುರಿದಾಗ ಹುಗ್ಗಿಯ ಜೊತೆ ಚರ್ಮವೂ ಜಾರಿತು.

ಗುರುಬಸಪ್ಪನವರು ಹಿಂದಿನ ಬಾಗಿಲು ತೆಗೆದು, ಬಗ್ಗಿ, ಪೆಟ್ಟಿಗೆಗೆ ಕಿವಿಯಿಟ್ಟು ಅಲುಗಾಡಿಸಿದರು.

“ಸದ್ಯ! ಏನೂ ಆಗಿಲ್ಲ.”

ಆಮೇಲೆ ಡಿಕ್ಕಿಯ ಹತ್ತಿರ ಬಂದು ಇಣುಕಿದರು. “ಅಯ್ಯ, ಬೆಲ್ಲದ್ದು! ಲಗೂನ ಒರಸ್ರಿ, ಕಾರಿಗೆ ಇರುವಿ ಹತ್ತತಾವ.”

ರಸ್ತೆಬದಿ ಹೂ ಕಟ್ಟುತ್ತಿದ್ದ ಹೆಂಗಸು ಎದ್ದು ಬಂದಳು. “ಎನ್ನ ಸಾರ್, ಪಾಟ್ಟಿಯೆ ಡಿಕ್ಕಿಲ ಪೋಟ್ಟಾ ಕೂಟ್ಟಿಟ್ಟು ವಂದೀಂಗ?” ಮುದುಕಿಯನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಬಂದಿರಾ ಎಂದು ಅವಳು ಕೇಳಿದ್ದಕ್ಕೆ ಗುರುಬಸಪ್ಪನವರು, ತಾನಾಗಿಯೇ ಹತ್ತಿ ಕೂತಳು ಎಂದು ತಮಿಳಿನಲ್ಲಿ ಉತ್ತರ ಕೊಟ್ಟರು. ಹೆಂಗಸು ಪಕ್ಕಕ್ಕೆ ತಿರುಗಿ ಥೂ ಎಂದು ಉಗಿದಳು.

ಬಿಂದು ಹಿಂದಿನ ಸೀಟಿನ ಬೆಲ್ಟ್ ಬಿಚ್ಚಿ, ಪೆಟ್ಟಿಗೆ ಎಳೆದು ಹೂವಿನವಳ ಕಟ್ಟೆಯ ಮೇಲಿಟ್ಟಳು. ಗುರುಬಸಪ್ಪ “ಏಯ್, ಏಯ್!” ಎಂದು ಅಡ್ಡ ಬಂದರು. ಅವಳು ಅವರ ಮುಖವನ್ನೂ ನೋಡಲಿಲ್ಲ. ನೀಲಗಂಗಮ್ಮನನ್ನು ಎತ್ತಿ ಕೂರಿಸಿ, ಬೆಲ್ಟ್ ಹಾಕಿ, ಗಂಡನಿಗೆ ಹೇಳಿದಳು: “ಆಸ್ಪತ್ರಿಗೆ ನಡೀರಿ.”

“ಅಪ್ಪಾಜಿ?”

“ಅವ್ರ ದೀಪ ಕಾಯ್ಲಿ.”

ಶಿವರಂಜನ್ ಅಪ್ಪನನ್ನು ನೋಡಿದ, ಅತ್ತೆಯ ಕೈ ನೋಡಿದ, ಕಾರು ಹೊರಡಿಸಿದ. ದಾರಿಯಲ್ಲಿ ನೀಲಗಂಗಮ್ಮ ನೋವಿಗೆ ಹಲ್ಲು ಕಚ್ಚಿಕೊಂಡೇ, “ಗುರುಬಸು ಬಿಸಲಾಗ ನಿಂತಾನ,” ಎಂದು ಗೊಣಗಿದರು.

ಮರುದಿನ ಗೃಹಪ್ರವೇಶ ಸಾಂಗವಾಗಿ ನಡೆಯಿತು. ಹಾಲ್‌ನಲ್ಲಿ ತೂಗುದೀಪ ಝಗಝಗಿಸುತ್ತಿತ್ತು. ಅದರ ಕೆಳಗೇ ಕುರ್ಚಿಯಲ್ಲಿ ನೀಲಗಂಗಮ್ಮ, ತೋಳಿಗೆಲ್ಲ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದರು. ನೆಂಟರ ಪೈಕಿ ಒಬ್ಬ ಹೆಂಗಸು ವಿಚಾರಿಸಿದಾಗ, “ಹುಗ್ಗಿ ಇಳಸೂ ಮುಂದ ಸುಟ್ಕೊಂಡೆ ನೋಡವ್ವಾ,” ಎಂದರು. ಗುರುಬಸಪ್ಪನವರು ತಲೆಯಾಡಿಸಿದರು. “ಒಲಿ ಮುಂದ ಹುಷಾರಿರು ಅಂತ ಎಷ್ಟ್ ಹೇಳಿದ್ರೂ ಕೇಳೂದಿಲ್ಲ.”

ಪಾನಕದ ತಟ್ಟೆ ಹಿಡಿದಿದ್ದ ಬಿಂದು ನಿಂತಳು.

“ಸುಳ್ಳು. ಮಾವಾರು ದೀಪಾನ ಸೀಟಿನ್ಯಾಗ ಬೆಲ್ಟ್ ಹಾಕಿ ಕುಂದ್ರಿಸಿದ್ರು. ದೊಡ್ಡತ್ತಿನ್ನ ಡಿಕ್ಕ್ಯಾಗ ಹಾಕಿದ್ರು. ಬ್ರೇಕ್ ಹೊಡದಾಗ ಕುದಿಯೋ ಹುಗ್ಗಿ ಮೈಮ್ಯಾಲ ಬಿತ್ತು.”

ಶಿವರಂಜನ್ ನೆಲ ನೋಡಿದ. ನೀಲಗಂಗಮ್ಮ ಬ್ಯಾಂಡೇಜಿನ ಕೈಯನ್ನು ಸೆರಗಿನಡಿ ಎಳೆದುಕೊಂಡರು, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ. ಯಾರಾದರೂ ಒಂದು ಮಾತು ಆಡುತ್ತಾರೆಂದು ಬಿಂದು ಕಾದಳು.

ಕೊನೆಗೆ ಒಬ್ಬ ಹಿರಿಯರು ಕೆಮ್ಮಿ, ಮೇಲೆ ನೋಡಿ ಕೇಳಿದರು: “ಭಾಳ ಛಂದ ಅದಲ್ರೀ ದೀಪ. ಎಲ್ಲಿ ತಗೊಂಡ್ರಿ?”

ಗುರುಬಸಪ್ಪನವರು ಉತ್ಸಾಹದಿಂದ ಅಂಗಡಿಯ ಹೆಸರು ಹೇಳತೊಡಗಿದರು. ಬಿಂದು ತಟ್ಟೆಯನ್ನು ಅಲ್ಲೇ ನೆಲಕ್ಕಿಟ್ಟು, ಬಚ್ಚಲಿಗೆ ಹೋಗಿ ವಾಂತಿ ಮಾಡಿದಳು.